ಒಮ್ಮೆ ತೊಟ್ಟ ಬಟ್ಟೆಗೂ ಒಂದು ಜಾಗ ಬೇಕು

ಸಂಜೆ ಹೊರಗಿನಿಂದ ಬಂದು ಬಟ್ಟೆ ಬದಲಾಯಿಸಿದ ಮೇಲೆ ಕೈಯಲ್ಲಿ ಉಳಿಯುವ ಅಂಗಿಯ ಬಗ್ಗೆ ನಾನು ಈಚಿನ ವರ್ಷಗಳಲ್ಲಿ ಬಹಳ ಯೋಚಿಸಿದ್ದೇನೆ. ಅದನ್ನು ತೊಟ್ಟದ್ದು ಮೂರೇ ಗಂಟೆ. ಬಿಸಿಲಿನಲ್ಲಿ ಓಡಾಡಿಲ್ಲ, ಎಲ್ಲಿಯೂ ಕಲೆಯಾಗಿಲ್ಲ, ಕಾಲರಿನ ಇಸ್ತ್ರಿ ಇನ್ನೂ ಮುರಿದಿಲ್ಲ. ಒಗೆಯುವ ಬುಟ್ಟಿಗೆ ಹಾಕೋಣವೆಂದರೆ ಅದು ಕೊಳೆಯಾಗಿಲ್ಲ. ಒಗೆದು ಮಡಿಸಿಟ್ಟ ಬಟ್ಟೆಗಳ ಜೊತೆ ಬೀರುವಿನಲ್ಲಿ ಇಡೋಣವೆಂದರೆ ಅದು ಮೈಗೆ ತಾಗಿದ ಬಟ್ಟೆ. ಎರಡರಲ್ಲಿ ಯಾವುದೂ ತೀರ್ಮಾನವಾಗದೆ ಅದು ಕೊನೆಗೆ ಕುರ್ಚಿಯ ಬೆನ್ನಿನ ಮೇಲೆ ಬೀಳುತ್ತದೆ. ಮರುದಿನ ಅದರ ಮೇಲೆ ಪ್ಯಾಂಟು, ಪ್ಯಾಂಟಿನ ಮೇಲೆ ಇನ್ನೊಂದು ಅಂಗಿ, ನಾಲ್ಕನೆಯ ದಿನ ಸ್ವೆಟರ್. ವಾರ ಕಳೆಯುವಷ್ಟರಲ್ಲಿ ಯಾವುದನ್ನು ಎಷ್ಟು ಸಲ ತೊಟ್ಟೆವೆಂಬ ಲೆಕ್ಕ ತಪ್ಪಿ, ಅಡಿಯಲ್ಲಿದ್ದುದು ಮುದ್ದೆಯಾಗಿ, ಒಂದರ ವಾಸನೆ ಇನ್ನೊಂದಕ್ಕೆ ಹತ್ತಿ, ಇಡೀ ರಾಶಿಯನ್ನು ಬಾಚಿ ಒಗೆಯಲು ಹಾಕುವುದೊಂದೇ ದಾರಿ ಉಳಿಯುತ್ತದೆ. ಒಗೆಯುವ ಅಗತ್ಯವೇ ಇಲ್ಲದ ಎಷ್ಟೋ ಬಟ್ಟೆಗಳು ಇಡಲು ಜಾಗವಿಲ್ಲವೆಂಬ ಒಂದೇ ಕಾರಣಕ್ಕೆ ನೀರಿಗೆ ಬೀಳುತ್ತವೆ.

ಕುರ್ಚಿಯ ಮೇಲಿನ ಈ ರಾಶಿಯನ್ನು ನಾವು ಸಾಮಾನ್ಯವಾಗಿ ಸೋಮಾರಿತನವೆಂದು ಕರೆಯುತ್ತೇವೆ. ನನಗೆ ಆ ಮಾತು ಸರಿಯೆನಿಸುವುದಿಲ್ಲ. ಮನೆ ಕಟ್ಟುವವರು, ಬೀರು ಮಾಡುವವರು ಬಟ್ಟೆಯಲ್ಲಿ ಎರಡೇ ಬಗೆಯೆಂದು ಭಾವಿಸಿದ್ದಾರೆ: ಒಗೆದದ್ದು ಮತ್ತು ಒಗೆಯಬೇಕಾದದ್ದು. ನಾವು ದಿನವೂ ಬಳಸುವ ಬಟ್ಟೆಗಳನ್ನು ಒಂದೊಂದಾಗಿ ಎಣಿಸಿ ನೋಡಿದರೆ ಜೀನ್ಸ್, ಕೋಟು, ಸ್ವೆಟರ್, ರಾತ್ರಿಯುಡುಪು, ಸ್ವಲ್ಪ ಹೊತ್ತಿಗೆಂದು ತೊಟ್ಟ ಅಂಗಿ ಇವೆಲ್ಲವೂ ತಮ್ಮ ಆಯುಷ್ಯದ ಹೆಚ್ಚಿನ ಪಾಲನ್ನು ಈ ಎರಡೂ ಅಲ್ಲದ ಮೂರನೆಯ ಸ್ಥಿತಿಯಲ್ಲೇ ಕಳೆಯುತ್ತವೆ. ಅಷ್ಟು ಬಟ್ಟೆಗೆ ಮನೆಯಲ್ಲಿ ಗೊತ್ತಾದ ಒಂದು ಜಾಗವಿಲ್ಲದಿದ್ದರೆ ಅದು ಕುರ್ಚಿಯ ಮೇಲಲ್ಲದೆ ಇನ್ನೆಲ್ಲಿಗೆ ಹೋಗಬೇಕು? ಬೀರು ಮತ್ತು ಹ್ಯಾಂಗರ್ ಮನೆಮನೆಗೆ ಬರುವ ಮೊದಲು ಗೋಡೆಯ ಗೂಟವೇ ಈ ಕೆಲಸ ಮಾಡುತ್ತಿತ್ತು. ಅಮೆರಿಕದ ಶೇಕರ್ ಪಂಥದವರು 18 ಮತ್ತು 19ನೆಯ ಶತಮಾನಗಳಲ್ಲಿ ಕಟ್ಟಿದ ಮನೆಗಳಲ್ಲಿ ಕೋಣೆಯ ಸುತ್ತಲೂ ಗೋಡೆಗೆ ಮರದ ಪಟ್ಟಿ ಬಡಿದು, ಅದರಲ್ಲಿ ಸಾಲಾಗಿ ಗೂಟಗಳನ್ನು ಕೂರಿಸಿ, ಬಟ್ಟೆ, ಟೋಪಿ, ಕೊನೆಗೆ ಕುರ್ಚಿಗಳನ್ನು ಸಹ ತೂಗುಹಾಕುತ್ತಿದ್ದರು. ಆ ಕೋಣೆಗಳ ಚಿತ್ರವನ್ನು ಮೊದಲ ಬಾರಿ ನೋಡಿದಾಗ, ನಮ್ಮ ಮನೆಯಲ್ಲಿ ಇಲ್ಲದಿರುವುದು ಯಾವುದೆಂದು ನನಗೆ ಥಟ್ಟನೆ ಹೊಳೆಯಿತು.

ಅನುಮಾನ ಬಂದದ್ದನ್ನೆಲ್ಲ ಒಗೆದುಬಿಟ್ಟರೆ ಏನು ನಷ್ಟ ಎಂದು ಕೇಳುವವರಿದ್ದಾರೆ. ನೀರು, ಸಾಬೂನಿನ ಪುಡಿ, ಶ್ರಮ ಇವುಗಳ ಮಾತು ಹಾಗಿರಲಿ. ನಷ್ಟ ಮೊದಲು ಬಟ್ಟೆಗೇ ಆಗುತ್ತದೆ. ಯಂತ್ರದಲ್ಲಿ ತಿರುಗುವಾಗ ಬಟ್ಟೆ ಬಟ್ಟೆಗೆ ಉಜ್ಜಿ ಎಳೆಗಳ ತುದಿ ಮುರಿಯುತ್ತದೆ, ಬಣ್ಣ ಬಿಡುತ್ತದೆ, ಅಂಚು ಮತ್ತು ಹೊಲಿಗೆಯ ಜಾಗ ಮೊದಲು ಸವೆಯುತ್ತದೆ. ಒಗೆಯುವ ಯಂತ್ರದ ಜಾಲರಿಯಲ್ಲಿ ಸಿಕ್ಕುವ ನವಿರಾದ ನಾರಿನ ಮುದ್ದೆಯನ್ನು ಒಮ್ಮೆ ಬೆರಳಿನಲ್ಲಿ ಹಿಸುಕಿ ನೋಡಿ. ಅದು ಕೊಳೆಯಲ್ಲ, ನಿಮ್ಮ ಬಟ್ಟೆಯೇ. ಕೃತಕ ನೂಲಿನ ಬಟ್ಟೆಯಾದರೆ ಆ ನಾರು ಪ್ಲಾಸ್ಟಿಕ್. ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಂದಾಜಿನಂತೆ 6 ಕಿಲೋ ಅಕ್ರಿಲಿಕ್ ಬಟ್ಟೆಯನ್ನು ಒಂದು ಸಲ ಒಗೆದರೆ 7 ಲಕ್ಷಕ್ಕೂ ಹೆಚ್ಚು ಸೂಕ್ಷ್ಮ ಎಳೆಗಳು ನೀರಿಗೆ ಸೇರಬಹುದು. ಇಷ್ಟನ್ನು ತಿಳಿದ ಮೇಲೆ ಮೂರು ಗಂಟೆ ತೊಟ್ಟ ಅಂಗಿಯನ್ನು ಯೋಚಿಸದೆ ನೀರಿಗೆ ಹಾಕಲು ನನಗೆ ಕೈ ಬರುವುದಿಲ್ಲ.

ಹಾಗೆಂದು ತೊಟ್ಟ ಬಟ್ಟೆಯನ್ನು ಬಿಚ್ಚಿದ ಕೂಡಲೇ ಮಡಿಸಿ ಬೀರುವಿನೊಳಗೆ ತಳ್ಳುವುದು ಇದಕ್ಕಿಂತ ದೊಡ್ಡ ತಪ್ಪು. ಇದನ್ನು ಅರಿಯಲು ಬಟ್ಟೆಯ ಮೇಲೆ ಉಳಿಯುವುದೇನು ಎಂಬುದನ್ನು ನೋಡಬೇಕು. ಮೈಯಿಂದ ಆಗ ತಾನೇ ಹೊರಬಂದ ಬೆವರಿಗೆ ಹೆಚ್ಚುಕಡಿಮೆ ವಾಸನೆಯೇ ಇರುವುದಿಲ್ಲ. ಅದು ಬಹುಪಾಲು ನೀರು, ಜೊತೆಗೆ ಸ್ವಲ್ಪ ಉಪ್ಪು. ಕಂಕುಳಿನಂಥ ಜಾಗಗಳ ಗ್ರಂಥಿಗಳು ಸ್ರವಿಸುವ ಜಿಡ್ಡು ಬೆರೆತ ಬೆವರನ್ನೂ ಚರ್ಮದ ಎಣ್ಣೆಯನ್ನೂ ಬ್ಯಾಕ್ಟೀರಿಯಾಗಳು ಒಡೆದಾಗಲೇ ನಾವು ಬೆವರು ವಾಸನೆ ಎನ್ನುವುದು ಹುಟ್ಟುತ್ತದೆ. ಬ್ಯಾಕ್ಟೀರಿಯಾಗಳಿಗೆ ಈ ಕೆಲಸಕ್ಕೆ ತೇವ ಬೇಕು. ಬಿಚ್ಚಿದ ಬಟ್ಟೆ ಒಣಗಿದ್ದಂತೆ ಕಂಡರೂ ಅದರಲ್ಲಿ ಮೈಯ ಬಿಸಿಯೂ ತೇವವೂ ಇರುತ್ತವೆ. ಅದನ್ನು ಹಾಗೆಯೇ ಮಡಿಸಿದರೆ ಮಡಿಕೆಯೊಳಗೆ ಆ ತೇವ ಸಿಕ್ಕಿಬೀಳುತ್ತದೆ, ಹರವಿದರೆ ಗಂಟೆಯೆರಡು ಗಂಟೆಗಳಲ್ಲಿ ಆರಿಹೋಗುತ್ತದೆ. ಒಂದೇ ಅಂಗಿ ಮರುದಿನ ತೊಡುವಂತಿರುವುದೂ ಮೂಗು ಮುಚ್ಚಿಕೊಳ್ಳುವಂತಾಗುವುದೂ ಬಿಚ್ಚಿದ ನಂತರದ ಈ ಮೊದಲ ಒಂದೆರಡು ಗಂಟೆಗಳ ಮೇಲೆ ನಿಂತಿದೆ. ಆದ್ದರಿಂದ ನಮ್ಮ ಮನೆಯಲ್ಲಿ ನಾನು ಒತ್ತಿ ಹೇಳುವ ಮಾತು ಒಂದೇ: ಮೊದಲು ಗಾಳಿ, ಆಮೇಲೆ ಜಾಗ.

ಬಟ್ಟೆಯ ಜಾತಿಯೂ ಇಲ್ಲಿ ಮುಖ್ಯ. ಗಾಳಿಯ ತೇವಾಂಶ ಶೇಕಡಾ 65ರಷ್ಟಿದ್ದಾಗ ಹತ್ತಿ ತನ್ನ ತೂಕದ ಸುಮಾರು ಶೇಕಡಾ 8ರಷ್ಟು ತೇವವನ್ನು ಒಳಗೆ ಹಿಡಿದಿಟ್ಟುಕೊಳ್ಳುತ್ತದೆ, ಉಣ್ಣೆ ಸುಮಾರು ಶೇಕಡಾ 16ರಷ್ಟು. ಪಾಲಿಯೆಸ್ಟರ್ ಹಿಡಿಯುವುದು ಶೇಕಡಾ ಅರ್ಧದಷ್ಟೂ ಇಲ್ಲ. ನೀರನ್ನು ಒಳಗೆ ಬಿಟ್ಟುಕೊಳ್ಳದ ಪಾಲಿಯೆಸ್ಟರ್ ಬೇಗ ಆರುವುದು ನಿಜ, ಆದರೆ ಚರ್ಮದ ಎಣ್ಣೆಯನ್ನು ಅದು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 26 ಮಂದಿ ಒಂದು ಗಂಟೆ ಜೋರಾಗಿ ವ್ಯಾಯಾಮದ ಸೈಕಲ್ ತುಳಿದರು. ಅವರ ಟೀ ಶರ್ಟುಗಳನ್ನು 28 ಗಂಟೆ ಕಾಲ ಹಾಗೆಯೇ ಇಟ್ಟು, ಆಮೇಲೆ ವಾಸನೆಯನ್ನೂ ಬ್ಯಾಕ್ಟೀರಿಯಾಗಳನ್ನೂ ಪರೀಕ್ಷಿಸಲಾಯಿತು. ಪಾಲಿಯೆಸ್ಟರ್ ಬಟ್ಟೆಗಳ ವಾಸನೆ ಹತ್ತಿಯದಕ್ಕಿಂತ ತೀಕ್ಷ್ಣವೂ ಅಹಿತಕರವೂ ಆಗಿತ್ತು, ಮತ್ತು ಕೆಟ್ಟ ವಾಸನೆಗೆ ಕಾರಣವಾಗುವ ಮೈಕ್ರೋಕಾಕಸ್ ಎಂಬ ಬ್ಯಾಕ್ಟೀರಿಯಾ ಅವುಗಳ ಮೇಲೆ ವಿಶೇಷವಾಗಿ ಬೆಳೆದಿತ್ತು. ಈ ಅಧ್ಯಯನದಲ್ಲಿ ನನಗೆ ಎದ್ದು ಕಂಡದ್ದು ಆ 28 ಗಂಟೆಗಳು. ಬೆವರಿದ ಬಟ್ಟೆಯನ್ನು ಚೀಲದೊಳಗೆ ಮರೆತು ಮರುದಿನ ತೆರೆಯುವ ನಮ್ಮೆಲ್ಲರ ಅನುಭವ ಅದರಲ್ಲಿ ಅಳತೆಗೆ ಸಿಕ್ಕಿದೆ. ಅಂದಿನಿಂದ ವ್ಯಾಯಾಮದ ಬಟ್ಟೆಯ ವಿಷಯದಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ. ಅದನ್ನು ಇಟ್ಟು ಮತ್ತೆ ತೊಡುವ ಪ್ರಶ್ನೆಯೇ ಇಲ್ಲ. ಕೂಡಲೇ ಒಗೆಯಲಾಗದಿದ್ದರೆ ಜಾಲಿಸಿ ಹರವಬೇಕು.

ಒಳಉಡುಪು, ಬನಿಯನ್, ಕಾಲುಚೀಲಗಳಿಗೂ ಇದೇ ಮಾತು. ಅವನ್ನು ಒಂದು ದಿನ ತೊಟ್ಟರೆ ಮುಗಿಯಿತು. ಜ್ವರ ಬಂದಾಗ ತೊಟ್ಟದ್ದು, ಕಲೆಯಾದದ್ದು, ಮಳೆಯಲ್ಲಿ ನೆನೆದದ್ದು ಸಹ ಮೂರನೆಯ ಜಾಗಕ್ಕೆ ಬರಕೂಡದು.

ಇನ್ನೊಂದು ತುದಿಯಲ್ಲಿರುವುದು ಜೀನ್ಸ್. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬರು ಒಂದೇ ಜೀನ್ಸನ್ನು ಒಗೆಯದೆ 15 ತಿಂಗಳು ತೊಟ್ಟರು. ಅದರ ಬ್ಯಾಕ್ಟೀರಿಯಾಗಳನ್ನು ಅಲ್ಲಿನ ಜವಳಿ ವಿಜ್ಞಾನಿ ರೇಚೆಲ್ ಮೆಕ್ವೀನ್ ಎಣಿಸಿದರು. ನಂತರ ಅದೇ ಜೀನ್ಸನ್ನು ಒಗೆದು 13 ದಿನ ತೊಟ್ಟ ಮೇಲೆ ಮತ್ತೆ ಎಣಿಸಿದಾಗ ಎರಡೂ ಲೆಕ್ಕಗಳು ಹೆಚ್ಚುಕಡಿಮೆ ಒಂದೇ ಆಗಿದ್ದವು. ಒಬ್ಬರ ಒಂದು ಪ್ಯಾಂಟಿನ ಮೇಲೆ ನಡೆದ ಪ್ರಯೋಗದಿಂದ ದೊಡ್ಡ ಸಿದ್ಧಾಂತ ಕಟ್ಟಲಾಗದು, ಹದಿನೈದು ತಿಂಗಳು ಒಗೆಯದಿರಿ ಎಂದು ನಾನು ಯಾರಿಗೂ ಹೇಳುವುದೂ ಇಲ್ಲ. ಆದರೆ ಎರಡು ದಿನ ತೊಟ್ಟ ಜೀನ್ಸನ್ನು ಕಂಡು ಅಳುಕುವ ಅಗತ್ಯವಿಲ್ಲವೆಂಬುದಕ್ಕೆ ಅಷ್ಟು ಸಾಕು. ಒಗೆಯುವ ಬದಲು ಜೀನ್ಸನ್ನು ಒಂದು ರಾತ್ರಿ ಫ್ರೀಜರಿನಲ್ಲಿಟ್ಟರೆ ಸಾಕೆಂಬ ಸಲಹೆಯನ್ನು ನೀವೂ ಕೇಳಿರಬಹುದು. ಚಳಿಗೆ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಸಾಯುವುದಿಲ್ಲ, ಸುಮ್ಮನಾಗುತ್ತವೆ ಅಷ್ಟೆ; ಮೈಯ ಬಿಸಿ ತಾಗಿದೊಡನೆ ಮತ್ತೆ ಚುರುಕಾಗುತ್ತವೆ. ಎಣ್ಣೆಯೂ ಉಪ್ಪೂ ಇದ್ದಲ್ಲೇ ಇರುತ್ತವೆ. ಜೀನ್ಸಿಗೆ ಬೇಕಾದದ್ದು ಇಷ್ಟೇ: ಜೇಬುಗಳನ್ನು ಖಾಲಿ ಮಾಡಿ, ಗುಂಡಿ ಬಿಚ್ಚಿ, ಸೊಂಟದ ಪಟ್ಟಿ ಅಗಲವಾಗಿ ತೆರೆದುಕೊಳ್ಳುವಂತೆ ಎರಡು ಕೊಕ್ಕೆಗಳಿಗೆ ತೂಗುಹಾಕುವುದು.

ಉಣ್ಣೆಯ ವಿಷಯವನ್ನು ನಾನು ಕಲಿತದ್ದು ಒಂದು ಸ್ವೆಟರನ್ನು ಹಾಳುಮಾಡಿಕೊಂಡು. ಅಕ್ಕ ಹೆಣೆದು ಕೊಟ್ಟ ಬೂದು ಬಣ್ಣದ ಸ್ವೆಟರ್ ಅದು. ಚಳಿಯ ದಿನಗಳ ಕೊನೆಯಲ್ಲಿ ನಾಲ್ಕೈದು ಸಲ ತೊಟ್ಟಿದ್ದೆ. ಕೊಳೆ ಕಾಣಲಿಲ್ಲ, ವಾಸನೆಯೂ ಇರಲಿಲ್ಲ. ಚೆನ್ನಾಗಿಯೇ ಇದೆಯೆಂದು ಮಡಿಸಿ, ಒಗೆದ ಎರಡು ಸ್ವೆಟರುಗಳ ನಡುವೆ ಬೀರುವಿನ ಕೆಳಗಿನ ತಟ್ಟಿನಲ್ಲಿಟ್ಟೆ. ಏಳು ತಿಂಗಳ ಮೇಲೆ ಹೊರತೆಗೆದು ಬೆಳಕಿಗೆ ಹಿಡಿದಾಗ ಬಲಗೈ ಅಂಚಿನಲ್ಲಿ ಮೂರು ತೂತುಗಳು, ಕತ್ತಿನ ಪಟ್ಟಿಯಲ್ಲಿ ಒಂದು, ಎದೆಯ ಮೇಲೆ ಬೆರಳು ತೂರುವಷ್ಟು ದೊಡ್ಡದೊಂದು. ತೂತಿನ ಅಂಚುಗಳಲ್ಲಿ ಬಿಳಿಯ ಬಲೆಯಂಥ ಎಳೆ, ಮಡಿಕೆಯೊಳಗೆ ಮರಳಿನಂತೆ ಸಣ್ಣ ಕಾಳುಗಳು, ಅವೂ ಬೂದು ಬಣ್ಣದವು. ಮೇಲೆ ಕೆಳಗೆ ಇದ್ದ ಎರಡು ಒಗೆದ ಸ್ವೆಟರುಗಳಿಗೆ ಒಂದು ತೂತೂ ಬಿದ್ದಿರಲಿಲ್ಲ. ಅಂಚು, ಕತ್ತು, ಎದೆ: ಮೈ ಉಜ್ಜುವ, ಕೈ ತಾಗುವ, ಏನಾದರೂ ತೊಟ್ಟಿಕ್ಕುವ ಜಾಗಗಳನ್ನೇ ಹುಡುಕಿಕೊಂಡು ತಿಂದಂತಿತ್ತು.

ಅದು ನಿಜವಾಗಿಯೂ ಹಾಗೆಯೇ ಎಂಬುದು ಓದಿದ ಮೇಲೆ ತಿಳಿಯಿತು. ಬಟ್ಟೆ ಪತಂಗದ ಮರಿಹುಳು ಉಣ್ಣೆ, ತುಪ್ಪಳ, ರೇಷ್ಮೆಗಳಂಥ ಪ್ರಾಣಿಜನ್ಯ ನಾರನ್ನು ಜೀರ್ಣಿಸಿಕೊಳ್ಳಬಲ್ಲದು, ಆದರೆ ಶುದ್ಧವಾದ ಉಣ್ಣೆಯೊಂದರಿಂದಲೇ ಅದು ಚೆನ್ನಾಗಿ ಬೆಳೆಯಲಾರದು; ಬೆವರಿನ ಲವಣ, ಚರ್ಮದ ಹೊಟ್ಟು, ಚೆಲ್ಲಿದ ಆಹಾರದ ಅಂಶ ಅದಕ್ಕೆ ಬೇಕು. ಹಾರುವ ಪತಂಗ ಬಟ್ಟೆಯನ್ನು ತಿನ್ನುವುದೇ ಇಲ್ಲ. ಅದು ಬೆಳಕನ್ನು ತಪ್ಪಿಸಿಕೊಂಡು ಕತ್ತಲೆಯ, ಯಾರೂ ಅಲುಗಾಡಿಸದ ಜಾಗ ಹುಡುಕಿ ಮೊಟ್ಟೆಯಿಡುತ್ತದೆ. ಒಂದೆರಡು ಸಲ ತೊಟ್ಟ ಉಣ್ಣೆಯನ್ನು ಬೀರುವಿನ ಮೂಲೆಯಲ್ಲಿ ತಿಂಗಳುಗಟ್ಟಲೆ ಮಡಿಸಿಡುವುದೆಂದರೆ ಆ ಹುಳುವಿಗೆ ಬೇಕಾದ ಎಲ್ಲವನ್ನೂ ಒಂದೇ ಕಡೆ ಒದಗಿಸಿಕೊಟ್ಟಂತೆ. ಆ ಸ್ವೆಟರನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಎರಡು ವಾರ ಫ್ರೀಜರಿನಲ್ಲಿಟ್ಟೆ. ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಟ್ಟರೆ ಹುಳುವೂ ಮೊಟ್ಟೆಯೂ ಸಾಯುತ್ತವೆ, ವಸ್ತುಸಂಗ್ರಹಾಲಯಗಳು ಹಳೆಯ ಬಟ್ಟೆಗಳಿಗೆ ಅನುಸರಿಸುವ ಕ್ರಮವೂ ಇದೇ. ಅಕ್ಕ ಆಮೇಲೆ ತೂತುಗಳನ್ನು ಅದೇ ನೂಲಿನಿಂದ ಹೆಣೆದು ಮುಚ್ಚಿದಳು. ಎದೆಯ ಮೇಲಿನ ಜಾಗ ಇಂದಿಗೂ ಬೆರಳಿಗೆ ಸ್ವಲ್ಪ ಗಟ್ಟಿಯಾಗಿ ಹತ್ತುತ್ತದೆ.

ಆದರೆ ದಿನಬಳಕೆಯಲ್ಲಿ ಉಣ್ಣೆಯಷ್ಟು ಸಹನೆಯ ಬಟ್ಟೆ ಇನ್ನೊಂದಿಲ್ಲ ಎಂಬುದನ್ನೂ ಹೇಳಬೇಕು. ಅದು ವಾಸನೆಯನ್ನು ತನ್ನೊಳಗೆ ಎಳೆದುಕೊಂಡು ಗಾಳಿಗೆ ಹರವಿದಾಗ ನಿಧಾನವಾಗಿ ಬಿಟ್ಟುಕೊಡುತ್ತದೆ. ಅದರ ನಾರಿಗೆ ಸಹಜವಾದ ಗುಂಗುರು ಇರುವುದರಿಂದ ಒಂದು ದಿನ ವಿಶ್ರಾಂತಿ ಕೊಟ್ಟರೆ ಸುಕ್ಕುಗಳು ತಾವಾಗಿಯೇ ಬಿಡುತ್ತವೆ. ಒಂದೇ ಕೋಟನ್ನು ಎರಡು ದಿನ ಸತತವಾಗಿ ತೊಡಬಾರದು, ನಡುವೆ ಒಂದು ದಿನ ಬಿಡಬೇಕು ಎಂದು ದರ್ಜಿಗಳು ಹೇಳುವುದು ಈ ಕಾರಣಕ್ಕೇ. ಕೋಟನ್ನು ಅಗಲವಾದ ಭುಜವಿರುವ ಮರದ ಹ್ಯಾಂಗರಿಗೆ ಹಾಕಿ, ಮೃದುವಾದ ಬ್ರಷ್ಷಿನಿಂದ ಮೇಲಿನಿಂದ ಕೆಳಕ್ಕೆ ಒಮ್ಮೆ ಗುಡಿಸಿದರೆ ಎಳೆಗಳ ನಡುವೆ ಕೂತ ಧೂಳು ಹೋಗುತ್ತದೆ. ಹೆಣೆದ ಬಟ್ಟೆಗಳನ್ನು ಮಾತ್ರ ಹ್ಯಾಂಗರಿಗೆ ಹಾಕಬಾರದು. ತನ್ನ ಭಾರಕ್ಕೆ ತಾನೇ ಜಗ್ಗಿ ಸ್ವೆಟರ್ ಉದ್ದವಾಗುತ್ತದೆ, ಭುಜದಲ್ಲಿ ಎರಡು ಉಬ್ಬುಗಳು ಏಳುತ್ತವೆ, ಆ ಉಬ್ಬುಗಳು ಸುಲಭವಾಗಿ ಇಳಿಯುವುದಿಲ್ಲ. ದಪ್ಪ ಕೋಲಿನ ಮೇಲೆ ಅರ್ಧಕ್ಕೆ ಮಡಿಸಿ ಹಾಕುವುದು ಅಥವಾ ತೆರೆದ ತಟ್ಟಿನ ಮೇಲೆ ಸಡಿಲವಾಗಿ ಹರವುವುದು ಲೇಸು.

ನಮ್ಮ ಮನೆಯಲ್ಲಿ ಈಗಿರುವ ಏರ್ಪಾಡು ಬಹಳ ಸರಳ. ಮಲಗುವ ಕೋಣೆಯ ಬಾಗಿಲ ಹಿಂದೆ ಮೊದಲು ನಾಲ್ಕು ಕೊಕ್ಕೆಗಳಿದ್ದವು, ಆದರೆ ಬಾಗಿಲು ಗೋಡೆಗೆ ಒರಗಿದಾಗ ಬಟ್ಟೆಗಳು ನಡುವೆ ಸಿಕ್ಕಿ ನಲುಗುತ್ತಿದ್ದವು, ಗಾಳಿಯೂ ಆಡುತ್ತಿರಲಿಲ್ಲ. ಅದನ್ನು ಬಿಟ್ಟು, ಕಿಟಕಿಯ ಪಕ್ಕದ ಗೋಡೆಗೆ ನನ್ನ ಕಣ್ಣಿನ ಎತ್ತರಕ್ಕೆ ಒಂದು ಮರದ ಪಟ್ಟಿ ಹೊಡೆಸಿ, ಅದಕ್ಕೆ ಗೇಣಿನ ಅಂತರದಲ್ಲಿ ಆರು ಗೂಟಗಳನ್ನು ಕೂರಿಸಿದೆವು. ಗೂಟಗಳು ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಚಾಚಿವೆ. ಅಷ್ಟು ಅಂತರವಿಲ್ಲದಿದ್ದರೆ ಬಟ್ಟೆಯ ಬೆನ್ನು ಗೋಡೆಗೆ ಅಂಟಿ ಆ ಕಡೆ ಆರುವುದೇ ಇಲ್ಲ. ಪಟ್ಟಿಯ ಕೆಳಗೆ ಹೆಣೆದ ಬಟ್ಟೆಗಳಿಗೆಂದು ಪಟ್ಟಿಪಟ್ಟಿಯ ತೆರೆದ ತಟ್ಟೊಂದಿದೆ. ಗೋಡೆಗೆ ಮೊಳೆ ಹೊಡೆಯಲಾಗದ ಬಾಡಿಗೆ ಮನೆಯಾದರೆ ಬಟ್ಟೆ ತೂಗುವ ಸ್ಟ್ಯಾಂಡ್ ಸಾಕು, ಅದೂ ಇಲ್ಲವೆಂದರೆ ಆ ಹಳೆಯ ಕುರ್ಚಿಯೇ ಸಾಕು, ಅದರ ಮೇಲೆ ಎರಡಕ್ಕಿಂತ ಹೆಚ್ಚು ಬಟ್ಟೆ ಬೀಳದಂತೆ ನೋಡಿಕೊಳ್ಳುವುದಾದರೆ. ಮುಚ್ಚಿದ ಪೆಟ್ಟಿಗೆ, ಮುಚ್ಚಳದ ಬುಟ್ಟಿ, ಪ್ಲಾಸ್ಟಿಕ್ ಚೀಲ ಇವು ಮಾತ್ರ ಬೇಡ. ಮೂರನೆಯ ಬಗೆಯ ಬಟ್ಟೆಗೆಂದೇ ಒಂದು ಚೆಂದದ ಬುಟ್ಟಿಯನ್ನು ತಂದಿಟ್ಟವರನ್ನು ನಾನು ಬಲ್ಲೆ. ಬಟ್ಟೆ ಕಣ್ಣಿಗೆ ಬೀಳುವುದಿಲ್ಲವೆಂಬುದೇ ಅದರ ಗುಣವೂ ದೋಷವೂ ಆಗಿತ್ತು. ಕೆಳಗೆ ಸಿಕ್ಕಿದ್ದು ಹೊರಬಂದದ್ದು ತಿಂಗಳ ಮೇಲೆ, ಮುಗ್ಗಲು ಹಿಡಿದು.

ಗೂಟಗಳು ಆರೇ ಇರಲಿ ಎಂದು ನಿರ್ಧರಿಸಿದ್ದು ಯೋಚಿಸಿಯೇ. ಇಬ್ಬರಿಗೆ ತಲಾ ಮೂರು: ಒಂದು ಪ್ಯಾಂಟು, ಒಂದು ಅಂಗಿ, ಒಂದು ಕೋಟು ಅಥವಾ ರಾತ್ರಿಯುಡುಪು. ನಾಲ್ಕನೆಯದನ್ನು ತೂಗುಹಾಕಲು ಬಂದಾಗ ಜಾಗವಿರುವುದಿಲ್ಲ, ಇದ್ದ ಮೂರರಲ್ಲಿ ಒಂದನ್ನು ಮತ್ತೆ ತೊಡಬೇಕು ಇಲ್ಲವೇ ಒಗೆಯಲು ಹಾಕಬೇಕು. ಜಾಗಕ್ಕೆ ಮಿತಿಯಿಲ್ಲದಿದ್ದರೆ ಬಟ್ಟೆ ಹೆಚ್ಚುತ್ತಲೇ ಹೋಗಿ ಕುರ್ಚಿಯ ರಾಶಿಯೇ ಗೋಡೆಯ ಮೇಲೆ ಬಂದಂತಾಗುತ್ತದೆ. ಒಂದು ಗೂಟಕ್ಕೆ ಒಂದೇ ಬಟ್ಟೆ ಎಂಬುದು ನಮ್ಮ ಮನೆಯಲ್ಲಿ ಇಬ್ಬರೂ ಒಪ್ಪಿಕೊಂಡ ನಿಯಮ, ಮತ್ತು ಒಬ್ಬರ ಬಟ್ಟೆಯನ್ನು ಇನ್ನೊಬ್ಬರು ಕೇಳದೆ ಬುಟ್ಟಿಗೆ ಹಾಕಕೂಡದೆಂಬುದು ಎರಡನೆಯದು. ಈ ಎರಡನೆಯ ನಿಯಮದ ಬೆಲೆ ಮೊದಮೊದಲು ನನಗೆ ತಿಳಿದಿರಲಿಲ್ಲ. ನಾಳೆ ತೊಡಬೇಕೆಂದು ಇಟ್ಟ ಪ್ಯಾಂಟು ಬೆಳಿಗ್ಗೆ ಬಕೆಟ್ಟಿನಲ್ಲಿ ನೆನೆಯುತ್ತಿರುವುದನ್ನು ಕಂಡವರಿಗೆ ಅದು ತಕ್ಷಣ ಅರ್ಥವಾಗುತ್ತದೆ.

ಎಷ್ಟು ಸಲ ತೊಟ್ಟೆವೆಂಬ ಲೆಕ್ಕಕ್ಕೆ ಹ್ಯಾಂಗರಿನ ಕೊಕ್ಕೆಯೇ ಸಾಕು. ಒಗೆದ ಅಂಗಿಯ ಹ್ಯಾಂಗರ್ ಕೊಕ್ಕೆಯ ಬಾಯಿ ಗೋಡೆಯ ಕಡೆಗೆ. ಒಮ್ಮೆ ತೊಟ್ಟ ಮೇಲೆ ಅದನ್ನು ತಿರುಗಿಸಿ ಬಾಯಿ ನಮ್ಮ ಕಡೆಗೆ ಬರುವಂತೆ ಹಾಕುವುದು. ಬಾಯಿ ನಮ್ಮ ಕಡೆಗಿರುವ ಅಂಗಿಯನ್ನು ಮತ್ತೆ ತೊಟ್ಟರೆ ಸಂಜೆ ಅದು ಬುಟ್ಟಿಗೆ. ಸ್ವೆಟರಿಗೆ ಐದಾರು ಸಲ, ರಾತ್ರಿಯುಡುಪಿಗೆ ಮೂರು ರಾತ್ರಿ, ಬನಿಯನ್ನಿನ ಮೇಲೆ ತೊಟ್ಟ ಅಂಗಿಗೆ ಎರಡು ಸಲ ಎಂಬುದು ನಾನು ಅನುಭವದಿಂದ ಕಂಡುಕೊಂಡ ಅಳತೆ. ಒಳಗೆ ಬನಿಯನ್ ಇಲ್ಲದಿದ್ದರೆ ಅಂಗಿಗೆ ಒಂದೇ ಸಲ. ಸೆಕೆಯ ದಿನಗಳಲ್ಲಿ ಈ ಲೆಕ್ಕವೆಲ್ಲ ಅರ್ಧಕ್ಕಿಳಿಯುತ್ತದೆ.

ಲೆಕ್ಕಕ್ಕಿಂತ ದೊಡ್ಡ ಸಾಕ್ಷಿ ಮೂಗು, ಆದರೆ ಅದನ್ನು ಸರಿಯಾದ ಹೊತ್ತಿನಲ್ಲಿ ಕೇಳಬೇಕು. ದಿನವಿಡೀ ತನ್ನದೇ ವಾಸನೆಯ ನಡುವೆ ಇದ್ದ ಮೂಗು ಅದಕ್ಕೆ ಒಗ್ಗಿಹೋಗಿರುತ್ತದೆ. ಬಿಚ್ಚಿದ ಕೂಡಲೇ ಮೂಸಿದರೆ ಎಲ್ಲವೂ ಸರಿಯಿದ್ದಂತೆಯೇ ತೋರುತ್ತದೆ. ಆದ್ದರಿಂದ ನಾನು ತೀರ್ಪನ್ನು ಬೆಳಿಗ್ಗೆಗೆ ಬಿಡುತ್ತೇನೆ. ಹೊರಗೆ ಒಂದು ಸುತ್ತು ಅಡ್ಡಾಡಿ ಬಂದು, ಬಟ್ಟೆಯ ಕಂಕುಳಿನ ಭಾಗವನ್ನು ಅಂಗೈಯಲ್ಲಿ ಹಿಡಿದು ಒಮ್ಮೆ ಬಿಸಿಯುಸಿರು ಊದಿ ಆಮೇಲೆ ಮೂಸುವುದು. ಉಸಿರಿನ ತೇವ ಮತ್ತು ಬಿಸಿಗೆ ಅಡಗಿದ್ದ ವಾಸನೆ ಮೇಲೇಳುತ್ತದೆ. ಮೈಗೆ ಹಾಕಿಕೊಂಡು ಅರ್ಧ ಗಂಟೆಯಾದ ಮೇಲೆ ಗೊತ್ತಾಗಬೇಕಾದದ್ದು ಹೀಗೆ ಮೊದಲೇ ಗೊತ್ತಾಗುತ್ತದೆ. ಕಾಲರಿನ ಒಳಮಡಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುವುದೂ ಅಷ್ಟೇ ಮುಖ್ಯ. ಅಲ್ಲಿ ತೆಳುವಾದ ಹಳದಿ ಗೆರೆ ಕಂಡರೆ ವಾಸನೆಯಿಲ್ಲದಿದ್ದರೂ ಒಗೆಯಲೇಬೇಕು, ಏಕೆಂದರೆ ಚರ್ಮದ ಎಣ್ಣೆ ದಿನ ಕಳೆದಂತೆ ಗಾಳಿಯ ಸಂಪರ್ಕದಲ್ಲಿ ಮಾಗಿ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಉಜ್ಜಿದರೂ ಬಿಡುವುದಿಲ್ಲ. ತೊಟ್ಟ ಅಂಗಿಯ ಸುಕ್ಕು ತೆಗೆಯಲೆಂದು ಮೇಲಿಂದ ಇಸ್ತ್ರಿ ಹಾಕುವುದನ್ನೂ ನಾನು ಬಿಟ್ಟಿದ್ದೇನೆ. ಕಾಣದ ಬೆವರಿನ ಕಲೆಗೆ ಬಿಸಿ ತಾಗಿದರೆ ಅದು ಎಳೆಯಲ್ಲಿ ನಿಂತೇಬಿಡುತ್ತದೆ. ಸುಕ್ಕಿಗೆ ನೀರಿನ ಹಬೆಯಾಡುವ ಸ್ನಾನದ ಕೋಣೆಯಲ್ಲಿ ಹತ್ತು ನಿಮಿಷ ತೂಗುಹಾಕಿ, ಆಮೇಲೆ ಹೊರಗೆ ತಂದು ಪೂರ್ತಿ ಆರಿಸಿದರೆ ಸಾಕು.

ಸುಗಂಧ ಸಿಂಪಡಿಸಿ ವಾಸನೆಯನ್ನು ಮುಚ್ಚುವುದನ್ನು ನಾನು ಒಪ್ಪುವುದಿಲ್ಲ. ಎರಡು ವಾಸನೆಗಳು ಬೆರೆತು ಮೂರನೆಯದೊಂದು ಹುಟ್ಟುತ್ತದೆ. ದಿನವೂ ಒಗೆಯಲಾಗದ ಭಾರೀ ವೇಷಭೂಷಣಗಳ ಮೇಲೆ ನಾಟಕ ಕಂಪನಿಗಳವರು ನೀರು ಬೆರೆಸಿದ ವೋಡ್ಕಾ ಸಿಂಪಡಿಸಿ ಆರಲು ಬಿಡುವ ರೂಢಿಯುಂಟು, ಅದರಲ್ಲಿ ಅರ್ಥವಿದೆ. ಮದ್ಯಸಾರ ವಾಸನೆಯನ್ನು ತಗ್ಗಿಸಿ ತಾನೂ ಆರಿಹೋಗುತ್ತದೆ. ಬಿಸಿಲು ಒಳ್ಳೆಯದೇ, ಆದರೆ ಮಿತಿಯಲ್ಲಿ. ಬಟ್ಟೆಯನ್ನು ಒಳಮೈ ಹೊರಗಾಗುವಂತೆ ತಿರುಗಿಸಿ ಅರ್ಧ ಗಂಟೆ ಎಳೆಬಿಸಿಲಿಗೆ ಹಾಕಿದರೆ ಬೆವರು ತಾಗಿದ ಭಾಗಕ್ಕೆ ಬಿಸಿಲು ಸಿಗುತ್ತದೆ, ಬಣ್ಣಕ್ಕೆ ಪೆಟ್ಟಾಗುವುದಿಲ್ಲ. ರೇಷ್ಮೆಗೆ ಮಾತ್ರ ನೆರಳೇ ಸರಿ. ಬಿಸಿಲಿಗೆ ಅದರ ಎಳೆ ಹಳದಿಯಾಗಿ ಬಲ ಕಳೆದುಕೊಳ್ಳುತ್ತದೆ.

ಮಳೆಗಾಲದಲ್ಲಿ ಈ ಏರ್ಪಾಡು ಕಷ್ಟಕ್ಕೆ ಸಿಕ್ಕುತ್ತದೆ. ಕೋಣೆಯ ತೇವಾಂಶ ಶೇಕಡಾ 65–70ನ್ನು ದಾಟಿ ದಿನಗಟ್ಟಲೆ ನಿಂತರೆ ಬಟ್ಟೆಯ ಮೇಲೆ ಬೂಷ್ಟು ಹತ್ತುತ್ತದೆ, ತೊಟ್ಟ ಬಟ್ಟೆಗೆ ಒಗೆದದ್ದಕ್ಕಿಂತ ಬೇಗ ಹತ್ತುತ್ತದೆ. ಆ ದಿನಗಳಲ್ಲಿ ಗೂಟದ ಮೇಲೆ ಒಂದು ರಾತ್ರಿ ಇದ್ದ ಬಟ್ಟೆಯನ್ನು ಮರುದಿನವೇ ತೊಟ್ಟು ಮುಗಿಸಬೇಕು ಇಲ್ಲವೇ ಒಗೆಯಬೇಕು. ಮೂರನೆಯ ದಿನಕ್ಕೆ ಉಳಿಸಬಾರದು. ರಾತ್ರಿ ಒಂದು ಗಂಟೆ ಫ್ಯಾನಿನ ಗಾಳಿ ಅತ್ತ ಬೀಸುವಂತೆ ಮಾಡುವುದರಿಂದ ಬಹಳ ಪ್ರಯೋಜನವಾಗಿದೆ.

ಪ್ರಯಾಣದಲ್ಲಂತೂ ಎಚ್ಚರ ಹೆಚ್ಚು ಬೇಕು. ಬ್ರಿಟನ್ನಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದೇ ಕೋಣೆಯಲ್ಲಿ ಇಟ್ಟ ಚೀಲಗಳ ಪೈಕಿ ತೊಟ್ಟ ಬಟ್ಟೆಯಿದ್ದ ಚೀಲಗಳ ಮೇಲೆ ತಿಗಣೆಗಳು ಸೇರುವ ಸಂಭವ ಒಗೆದ ಬಟ್ಟೆಯ ಚೀಲಗಳಿಗಿಂತ ಎರಡು ಪಟ್ಟಿತ್ತು. ಪರಸ್ಥಳದ ಕೋಣೆಯಲ್ಲಿ ತೊಟ್ಟ ಬಟ್ಟೆಯನ್ನು ಹಾಸಿಗೆಯ ಪಕ್ಕ ನೆಲದ ಮೇಲೆ ಬಿಡುವುದನ್ನು ಅಂದಿನಿಂದ ನಿಲ್ಲಿಸಿದ್ದೇನೆ. ಸಂಜೆ ಅದನ್ನು ಕೊಡವಿ ಹ್ಯಾಂಗರಿಗೆ ಹಾಕಿ ಆರಲು ಬಿಟ್ಟು, ಮಲಗುವ ಮುನ್ನ ಜಿಪ್ ಇರುವ ಚೀಲದಲ್ಲಿ ಹಾಕಿ ಮುಚ್ಚುತ್ತೇನೆ. ಮುಚ್ಚಿದ ಚೀಲ ಬೇಡವೆಂದು ಮೇಲೆ ಹೇಳಿದ್ದಕ್ಕೆ ಇದೊಂದೇ ಅಪವಾದ, ಅದೂ ಬಟ್ಟೆ ಪೂರ್ತಿ ಆರಿದ ಮೇಲೆ.

ಇನ್ನು ಋತು ಬದಲಾಗುವ ದಿನ. ಗೂಟದ ಮೇಲೆ, ತಟ್ಟಿನ ಮೇಲೆ ಇರುವ ಉಣ್ಣೆಯ ಪ್ರತಿಯೊಂದು ಬಟ್ಟೆಯೂ, ಒಂದೇ ಸಲ ತೊಟ್ಟಿದ್ದರೂ, ಒಗೆದ ಮೇಲೆಯೇ ಬೀರುವಿನೊಳಗೆ ಹೋಗಬೇಕು. ಇಷ್ಟು ಹೊತ್ತು ಒಗೆಯಬೇಡಿ ಎಂದು ಹೇಳಿದ ನಾನು ಇಲ್ಲಿ ಮಾತ್ರ ಒಗೆಯಿರಿ ಎಂದು ಒತ್ತಾಯಿಸುತ್ತೇನೆ. ಹೋದ ವಾರ ನಮ್ಮಲ್ಲಿ ಆ ಕೆಲಸ ನಡೆಯಿತು. ಅಕ್ಕನ ಬೂದು ಸ್ವೆಟರನ್ನು ತಣ್ಣೀರಿನಲ್ಲಿ ಉಣ್ಣೆಯ ಸಾಬೂನು ಕರಗಿಸಿ ಅದ್ದಿ, ಹಿಂಡದೆ ಟವಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ನೆರಳಿನಲ್ಲಿ ಚಾಪೆಯ ಮೇಲೆ ಎರಡು ದಿನ ಹರವಿದೆ. ಮಡಿಸುವ ಮೊದಲು ಕತ್ತಿನ ಪಟ್ಟಿ, ಕೈಯಂಚು, ಎದೆಯ ಮೇಲಿನ ಆ ಗಟ್ಟಿ ಜಾಗ ಮೂರನ್ನೂ ಬೆಳಕಿಗೆ ಹಿಡಿದು ನೋಡಿದೆ. ಹೊಸ ತೂತು ಒಂದೂ ಇರಲಿಲ್ಲ.